ಯುರೋಪಿನಲ್ಲಿ ಪೋಸ್ಟ್‌ಡಾಕ್ ಹುಡುಕೋದಕ್ಕೆ ಯುರಾಕ್ಸೆಸ್ ಎಷ್ಟು ಉಪಯೋಗ?

ಪಿಎಚ್‌ಡಿ ಮುಗಿಯೋ ಹೊತ್ತಿಗೆ ಎಲ್ಲರ ತಲೆ ಕೊರೆಯುವ ಪ್ರಶ್ನೆ ಒಂದೇ, ಮುಂದೇನು? ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲೆ ಕೆಲವು ವರ್ಷ ಸಂಬಳಕ್ಕೆ ಮಾಡುವ ಸಂಶೋಧನಾ ಕೆಲಸ) ಮಾಡಬೇಕು ಅಂತ ಆಸೆ ಇದ್ದರೂ ಎಲ್ಲಿಂದ ಹುಡುಕಲು ಶುರು ಮಾಡಬೇಕು ಅನ್ನೋದೇ ಗೊತ್ತಿರುವುದಿಲ್ಲ. ಐಐಎಸ್‌ಸಿ, ಜಕ್ಕೂರಿನ ಜೆಎನ್‌ಸಿಎಎಸ್‌ಆರ್, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಥರದ ಬೆಂಗಳೂರಿನ ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ಇದ್ದವರಿಗೆ ದಾರಿ ಸ್ವಲ್ಪ ಸಲೀಸು. ಹೊರದೇಶದ ವಿಜ್ಞಾನಿಗಳು ಅಲ್ಲಿಗೇ ಬಂದು ಸೆಮಿನಾರ್ ಕೊಡುತ್ತಾರೆ, ಸೀನಿಯರ್‌ಗಳು ಆಗಲೇ ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುತ್ತಾರೆ, ಗೈಡ್ ಒಂದು ಮೇಲ್ ಹಾಕಿದರೆ ಆ ಕಡೆಯಿಂದ ಉತ್ತರ ಬರುತ್ತದೆ. ಧಾರವಾಡ, ಶಂಕರಘಟ್ಟ, ಕಲಬುರಗಿ, ಕೊಣಾಜೆಯಲ್ಲಿ ಕೂತು ಥೀಸಿಸ್ ಬರೆಯುತ್ತಿರುವ ಎಷ್ಟೋ ಜನಕ್ಕೆ ಈ ಅನುಕೂಲ ಇಲ್ಲ. ನಾನೂ ಅಂಥ ಕಡೆಯಿಂದ ಬಂದವನೇ, ರಸಾಯನಶಾಸ್ತ್ರ ನನ್ನ ವಿಷಯ. ಹಾಗಾಗಿ ನನ್ನ ಜೂನಿಯರ್‌ಗಳು ಕೇಳಿದಾಗಲೆಲ್ಲ ಮೊದಲು ಹೇಳುವ ಹೆಸರು ಯುರಾಕ್ಸೆಸ್. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಉಳಿದ ಒಂದೂವರೆ ಯಾಕೆ ಕೊಡಲಿಲ್ಲ, ಅದನ್ನು ತುಂಬಿಸಿಕೊಳ್ಳೋಕೆ ಬೇರೆ ಏನು ಮಾಡಬೇಕು ಅನ್ನೋದನ್ನೂ ಇಲ್ಲೇ ಹೇಳುತ್ತೇನೆ.

ಮೊದಲು ಇದು ಏನು ಅಂತ. ಯುರಾಕ್ಸೆಸ್ ಯುರೋಪಿಯನ್ ಕಮಿಷನ್ ನಡೆಸುವ ವೆಬ್‌ಸೈಟ್. ಯುರೋಪಿನ 40ಕ್ಕೂ ಹೆಚ್ಚು ದೇಶಗಳ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು ಇಲ್ಲಿ ಕೆಲಸದ ಜಾಹೀರಾತು ಹಾಕುತ್ತವೆ. ಹಾಕುವವರಿಗೂ ಖರ್ಚಿಲ್ಲ, ನೋಡುವವರಿಗೂ ಖರ್ಚಿಲ್ಲ. ಜಾಹೀರಾತು ಓದೋಕೆ ಖಾತೆ ತೆರೆಯುವ ಅಗತ್ಯ ಕೂಡ ಇಲ್ಲ. ಖಾಸಗಿ ಜಾಬ್ ಸೈಟ್‌ಗಳಲ್ಲಿ ಸಾಮಾನ್ಯವಾಗಿ ದುಡ್ಡು ಕೊಟ್ಟ ಸಂಸ್ಥೆಯ ಜಾಹೀರಾತು ಮಾತ್ರ ಇರುತ್ತದೆ, ಅಂದರೆ ದೊಡ್ಡ ಬಜೆಟ್ ಇರುವವರದ್ದು. ಇಲ್ಲಿ ಪೋರ್ಚುಗಲ್‌ನ ಸಣ್ಣ ಊರಿನ ವಿಶ್ವವಿದ್ಯಾಲಯ, ಪೋಲೆಂಡಿನ ಅಕಾಡೆಮಿ, ಸ್ಪೇನಿನ ಒಂದು ಪುಟ್ಟ ಲ್ಯಾಬ್ ಕೂಡ ಸಿಗುತ್ತದೆ. ನಮ್ಮವರು ಆಕ್ಸ್‌ಫರ್ಡ್, ಮ್ಯಾಕ್ಸ್ ಪ್ಲಾಂಕ್ ಬಿಟ್ಟು ಬೇರೆ ಹೆಸರೇ ಕೇಳಿರುವುದಿಲ್ಲ. ಆದರೆ ನಿಮ್ಮ ವಿಷಯದಲ್ಲಿ ಒಳ್ಳೆ ಕೆಲಸ ಮಾಡುತ್ತಿರುವ ಗುಂಪು ಬ್ರಾಟಿಸ್ಲಾವಾದಲ್ಲೋ ಅವೇರೋದಲ್ಲೋ ಇರಬಹುದು. ಅದು ಕಣ್ಣಿಗೆ ಬೀಳೋದೇ ಇಂಥ ಕಡೆ.

ಜಾಹೀರಾತಿನ ಒಳಗೆ ಏನಿರುತ್ತದೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಓದೋದು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಪುಟದ ಮೇಲ್ಭಾಗದಲ್ಲಿ ಸಂಸ್ಥೆ, ವಿಭಾಗ, ಸಂಶೋಧನಾ ಕ್ಷೇತ್ರ, ದೇಶ, ಕೊನೆಯ ದಿನಾಂಕ, ಕೆಲಸದ ಒಪ್ಪಂದ ತಾತ್ಕಾಲಿಕವೋ ಕಾಯಮ್ಮೋ, ವಾರಕ್ಕೆ ಎಷ್ಟು ಗಂಟೆ, ಇಷ್ಟೂ ಒಂದೇ ಕಡೆ ಇರುತ್ತವೆ. ಅದರಲ್ಲಿ 'ಸಂಶೋಧಕರ ಮಟ್ಟ' ಅಂತ ಒಂದು ಸಾಲಿರುತ್ತದೆ. ಆರ್1 ಅಂದರೆ ಪಿಎಚ್‌ಡಿ ಮಾಡಲು ಹೊರಟವರು, ಆರ್2 ಅಂದರೆ ಪಿಎಚ್‌ಡಿ ಆಗಿದೆ, ಇನ್ನೂ ಸ್ವತಂತ್ರ ಸಂಶೋಧಕರಲ್ಲ. ಆರ್3 ಸ್ವತಂತ್ರವಾಗಿ ಕೆಲಸ ಮಾಡುವವರು, ಆರ್4 ಆ ಕ್ಷೇತ್ರದಲ್ಲಿ ಮುಂಚೂಣಿಯಲ್ಲಿರುವವರು. ಪೋಸ್ಟ್‌ಡಾಕ್ ಬೇಕಿದ್ದರೆ ನೀವು ಆರ್2 ಹಿಡಿದುಕೊಳ್ಳಬೇಕು. ಕೊನೆಯ ದಿನಾಂಕದ ಪಕ್ಕದಲ್ಲಿ ಗಂಟೆ ಮತ್ತು ಯಾವ ಊರಿನ ಸಮಯ ಅನ್ನೋದು ಇರುತ್ತದೆ. ಅದನ್ನು ಭಾರತದ ಸಮಯಕ್ಕೆ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ. ಬ್ರಸೆಲ್ಸ್ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ.

ಇನ್ನೊಂದು ಸಾಲು ಜನ ಸುಮ್ನೆ ದಾಟಿಸಿಬಿಡುತ್ತಾರೆ. ಈ ಕೆಲಸಕ್ಕೆ ಯುರೋಪಿಯನ್ ಒಕ್ಕೂಟದ ಸಂಶೋಧನಾ ಕಾರ್ಯಕ್ರಮದಿಂದ ದುಡ್ಡು ಬರುತ್ತಿದೆಯಾ ಅಂತ ಕೇಳುವ ಸಾಲು. ಅಲ್ಲಿ ಹೊರೈಜನ್ ಯುರೋಪ್ (ಆ ಕಾರ್ಯಕ್ರಮದ ಹೆಸರು) ಅಂತಲೋ ಇಆರ್‌ಸಿ (ಯುರೋಪಿಯನ್ ರಿಸರ್ಚ್ ಕೌನ್ಸಿಲ್) ಅಂತಲೋ ಇದ್ದರೆ ಖುಷಿಪಡಿ. ಪ್ರಾಜೆಕ್ಟ್‌ನ ಹಣ ಮಂಜೂರಾಗಿದೆ, ಎಷ್ಟು ವರ್ಷ ಅಂತ ನಿಗದಿಯಾಗಿದೆ, ಕೆಲಸ ಮಾಡೋಕೆ ಜನ ಬೇಕೇ ಬೇಕು ಅಂತ ಅರ್ಥ.

ಈಗ ಕಿರಿಕಿರಿಗಳು. ಹುಡುಕಾಟ ಚೆನ್ನಾಗಿಲ್ಲ, ಇದನ್ನು ಸುತ್ತಿ ಬಳಸಿ ಹೇಳುವುದು ಬೇಡ. ಜಾಹೀರಾತು ಹಾಕುವವರು ಸಂಶೋಧನಾ ಕ್ಷೇತ್ರ ಅನ್ನುವಲ್ಲಿ ಸಿಕ್ಕಿದ್ದಕ್ಕೆಲ್ಲ ಟಿಕ್ ಹಾಕುತ್ತಾರೆ. ಹಾಗಾಗಿ ರಸಾಯನಶಾಸ್ತ್ರ ಅಂತ ಹುಡುಕಿದರೆ ಎಲ್ಲೋ ಒಂದು ಕೃಷಿ ಸಂಸ್ಥೆಯ ದತ್ತಾಂಶ ವಿಶ್ಲೇಷಕರ ಕೆಲಸವೂ ಬಂದು ಕೂರುತ್ತದೆ. ಆರ್2 ಅಂತ ಆರಿಸಿದರೂ ಆರ್1 ಮತ್ತು ಆರ್2 ಎರಡಕ್ಕೂ ಟಿಕ್ ಹಾಕಿದ ಪಿಎಚ್‌ಡಿ ಸೀಟುಗಳು ನುಗ್ಗುತ್ತವೆ. ಕ್ಷೇತ್ರದ ಫಿಲ್ಟರ್ ನಂಬಿಕೊಳ್ಳುವ ಬದಲು ನಿಮ್ಮ ತಂತ್ರದ ಹೆಸರನ್ನೇ ಹಾಕಿ ಹುಡುಕಿ. ನಾನು ಬ್ಯಾಟರಿ ಅಂತ ಹಾಕುತ್ತಿರಲಿಲ್ಲ, ಸೋಡಿಯಂ ಅಯಾನ್ ಅಂತ ಹಾಕುತ್ತಿದ್ದೆ, ಇಂಪೀಡೆನ್ಸ್ ಸ್ಪೆಕ್ಟ್ರೋಸ್ಕೋಪಿ ಅಂತ ಹಾಕುತ್ತಿದ್ದೆ. ಬರುವ ಪಟ್ಟಿ ಚಿಕ್ಕದಾಗುತ್ತದೆ, ಆದರೆ ಓದೋದಕ್ಕೆ ಯೋಗ್ಯವಾಗಿರುತ್ತದೆ.

ಸಂಬಳ ಎಷ್ಟು ಅಂತ ಎಷ್ಟೋ ಜಾಹೀರಾತುಗಳಲ್ಲಿ ಇರುವುದೇ ಇಲ್ಲ. ಇದು ನನಗೆ ಜಾಸ್ತಿ ಬೇಸರ ತರಿಸುವ ವಿಷಯ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬೇಕಾ, ಊರಲ್ಲಿ ಅಪ್ಪ ಅಮ್ಮನಿಗೆ ದುಡ್ಡು ಕಳಿಸೋಕೆ ಆಗುತ್ತಾ, ಈ ಲೆಕ್ಕ ಇಲ್ಲದೆ ನಮ್ಮವರು ಯಾರೂ ಹೊರಡುವುದಿಲ್ಲ. ಕೆಲವು ಲಿಂಕ್‌ಗಳು ಸತ್ತಿರುತ್ತವೆ. ಒತ್ತಿದರೆ ಸಂಸ್ಥೆಯ ಮುಖಪುಟಕ್ಕೆ ಹೋಗಿ ನಿಲ್ಲುತ್ತದೆ, ಅಲ್ಲಿಂದ ನೀವೇ ಹುಡುಕಿಕೊಳ್ಳಬೇಕು. ಕೆಲವು ಜಾಹೀರಾತುಗಳ ತಲೆಬರಹ ಇಂಗ್ಲಿಷಿನಲ್ಲಿದ್ದು ಒಳಗೆಲ್ಲ ಸ್ಪ್ಯಾನಿಷ್ ಅಥವಾ ಇಟಾಲಿಯನ್ ಇರುತ್ತದೆ.

ಮತ್ತೊಂದು ಬಗೆಯ ಜಾಹೀರಾತು ಇದೆ, ಅದನ್ನು ಗುರುತಿಸೋದು ಕಲಿಯಬೇಕು. ಸಾರ್ವಜನಿಕ ಹಣದಲ್ಲಿ ನಡೆಯುವ ನೇಮಕಾತಿಯನ್ನು ಎಲ್ಲರಿಗೂ ತಿಳಿಸಬೇಕು ಅಂತ ನಿಯಮ ಇರುವ ಕಡೆ, ಒಳಗೆ ಆಗಲೇ ಒಬ್ಬರು ಮನಸ್ಸಿನಲ್ಲಿದ್ದರೂ ಜಾಹೀರಾತು ಬರುತ್ತದೆ. ಅರ್ಜಿ ಹಾಕೋಕೆ ಕೊಟ್ಟಿರುವ ಅವಧಿ ತೀರಾ ಕಮ್ಮಿ, ಅರ್ಹತೆಯ ಪಟ್ಟಿ ಒಬ್ಬರ ಬಯೋಡೇಟಾ ನೋಡಿಯೇ ಬರೆದಷ್ಟು ಕಿರಿದು, ಅವಧಿ ಆರೇ ತಿಂಗಳು. ಈ ಮೂರೂ ಒಟ್ಟಿಗೆ ಕಂಡರೆ ಅರ್ಜಿ ಹಾಕುವ ಮುಂಚೆ ಸಂಬಂಧಪಟ್ಟ ಪ್ರೊಫೆಸರ್‌ಗೆ ಒಂದು ಚಿಕ್ಕ ಮೇಲ್ ಬರೆದು ಕೇಳಿ. ಉತ್ತರ ಬಂದರೆ ಹಾಕಿ. ಬರದಿದ್ದರೆ ಆ ಸಮಯವನ್ನು ಬೇರೆ ಅರ್ಜಿಗೆ ಕೊಡಿ.

ಹಾಗಾದರೆ ಮೂರೂವರೆ ಅಂಕ ಯಾಕೆ? ಹೋಸ್ಟಿಂಗ್ ಅನ್ನುವ ವಿಭಾಗಕ್ಕೆ. ನನ್ನ ಪ್ರಕಾರ ಯುರಾಕ್ಸೆಸ್‌ನ ನಿಜವಾದ ಬೆಲೆ ಇರುವುದು ಇಲ್ಲಿ, ಆದರೆ ನಮ್ಮ ಕಡೆಯ ಹೆಚ್ಚಿನವರು ಅದನ್ನು ತೆರೆದೇ ನೋಡಿರುವುದಿಲ್ಲ. ಇಲ್ಲಿ ಪ್ರೊಫೆಸರ್‌ಗಳೇ ಮುಂದೆ ಬಂದು, ನನ್ನ ಜೊತೆ ಸೇರಿ ಫೆಲೋಶಿಪ್‌ಗೆ ಅರ್ಜಿ ಬರೆಯುವವರು ಬೇಕು ಅಂತ ಕರೆಯುತ್ತಾರೆ. ಮುಖ್ಯವಾಗಿ ಮೇರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್‌ಗೆ. ಎಲ್ಲರೂ ಅದನ್ನು ಎಂಎಸ್‌ಸಿಎ ಅಂತಲೇ ಕರೆಯುವುದು. ಯಾವ ದೇಶದವರು ಬೇಕಾದರೂ ಅರ್ಜಿ ಹಾಕಬಹುದು. ಯುರೋಪಿನಲ್ಲಿ ಎರಡು ವರ್ಷದವರೆಗೆ ಕೆಲಸ, ಒಳ್ಳೆ ಸಂಬಳ, ಊರು ಬಿಟ್ಟು ಬರುವುದಕ್ಕೆ ಪ್ರತ್ಯೇಕ ಭತ್ಯೆ, ಸಂಸಾರ ಇದ್ದವರಿಗೆ ಅದಕ್ಕೊಂದು ಭತ್ಯೆ. ಒಂದು ಷರತ್ತು ಇದೆ, ಹೋಗಬೇಕೆಂದಿರುವ ದೇಶದಲ್ಲಿ ಕಳೆದ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಕರ್ನಾಟಕದಿಂದ ನೇರವಾಗಿ ಹೋಗುವವರಿಗೆ ಇದು ಅಡ್ಡಿಯೇ ಅಲ್ಲ. ಯುರೋಪಿನೊಳಗೇ ಇರುವವರಿಗೆ ಕಷ್ಟವಾಗುವ ಷರತ್ತು ನಮಗೆ ಅನುಕೂಲ.

ಪೈಪೋಟಿ ಮಾತ್ರ ಜೋರು. 2024ರಲ್ಲಿ ಈ ಫೆಲೋಶಿಪ್‌ಗೆ ಹತ್ತು ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. 2025ರಲ್ಲಿ ಅದು ಹದಿನೇಳು ಸಾವಿರ ದಾಟಿತು. ಅಂಕ ಕೊಡುವ ರೀತಿ ಮೊದಲೇ ಗೊತ್ತಿರುತ್ತದೆ. ಸಂಶೋಧನೆಯ ಗುಣಮಟ್ಟಕ್ಕೆ 50%, ಪರಿಣಾಮಕ್ಕೆ 30%, ಕಾರ್ಯಯೋಜನೆಗೆ 20%. ಪ್ರಸ್ತಾವನೆಯ ಮುಖ್ಯ ಭಾಗ ಹತ್ತು ಪುಟ ಮೀರಬಾರದು. ನಮ್ಮವರು ಆ ಹತ್ತು ಪುಟದಲ್ಲಿ ಎಂಟನ್ನು ವಿಜ್ಞಾನಕ್ಕೇ ಸುರಿದು, ಪರಿಣಾಮ ಮತ್ತು ಯೋಜನೆಯನ್ನು ಕೊನೆಯ ರಾತ್ರಿ ಗೀಚುತ್ತಾರೆ. ಅರ್ಧ ಅಂಕ ಅಲ್ಲಿದೆ ಅನ್ನೋದನ್ನು ಮರೆಯಬೇಡಿ. ಈ ತಲೆನೋವು ತಗ್ಗಿಸುವವರು ಹೋಸ್ಟಿಂಗ್ ವಿಭಾಗದಲ್ಲಿ ಕರೆದಿರುವ ಸಂಸ್ಥೆಗಳು. ಎಷ್ಟೋ ಕಡೆ ಅದಕ್ಕಂತಲೇ ಗ್ರಾಂಟ್ ಆಫೀಸ್ ಇರುತ್ತದೆ, ಅವರು ನಿಮ್ಮ ಕರಡು ಓದಿ ತಿದ್ದುತ್ತಾರೆ, ಕೆಲವರು ಆನ್‌ಲೈನ್ ತರಬೇತಿಯನ್ನೂ ಕೊಡುತ್ತಾರೆ. ಇಂಗ್ಲಿಷ್ ಬರವಣಿಗೆ ತಿದ್ದುವವರು ಯಾರೂ ಇಲ್ಲದೆ ಒದ್ದಾಡುವ ನಮ್ಮ ಹುಡುಗ ಹುಡುಗಿಯರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಪೋರ್ಚುಗಲ್, ಪೋಲೆಂಡ್, ಜೆಕ್, ಗ್ರೀಸ್ ಥರದ ದೇಶಗಳನ್ನು ಕಡೆಗಣಿಸಬೇಡಿ ಅಂತ ನಾನು ಹೇಳೋದಕ್ಕೂ ಕಾರಣ ಇದೆ. ಸಂಶೋಧನೆಯಲ್ಲಿ ಇನ್ನೂ ಮೇಲೆ ಬರುತ್ತಿರುವ ಇಂಥ ದೇಶಗಳಿಗಾಗಿ ಇಆರ್‌ಎ ಫೆಲೋಶಿಪ್ ಅಂತ ಒಂದು ಇದೆ. ಎಂಎಸ್‌ಸಿಎ ಅರ್ಜಿ ಹಾಕುವಾಗಲೇ ಅದಕ್ಕೂ ಒಪ್ಪಿಗೆ ಟಿಕ್ ಮಾಡಿದರೆ, ಅಲ್ಲಿ ಅಂಕ ಸ್ವಲ್ಪದರಲ್ಲಿ ತಪ್ಪಿದರೂ ಇಲ್ಲಿ ಸಿಗುವ ಸಾಧ್ಯತೆ ಇರುತ್ತದೆ. ಅದೇ ಅರ್ಜಿ, ಎರಡು ಅವಕಾಶ.

ಬ್ರಿಟನ್ ಕಡೆ ಮನಸ್ಸಿದ್ದವರು ಯುರಾಕ್ಸೆಸ್ ಬಿಟ್ಟು ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ ನೋಡಿ. ವಾರ್ವಿಕ್ ವಿಶ್ವವಿದ್ಯಾಲಯ 1998ರಿಂದ ನಡೆಸುತ್ತಿರುವ ಸೈಟ್ ಅದು. ಹುಡುಕಾಟ, ಇಮೇಲ್ ಅಲರ್ಟ್ ಎಲ್ಲದರಲ್ಲೂ ಯುರಾಕ್ಸೆಸ್‌ಗಿಂತ ಒಂದು ಕೈ ಮೇಲು. ಹೆಚ್ಚಿನ ಜಾಹೀರಾತುಗಳಲ್ಲಿ ಸಂಬಳ ಸ್ಪಷ್ಟವಾಗಿ ಬರೆದಿರುತ್ತಾರೆ. ಆದರೆ ಅಲ್ಲಿ ಪೋಸ್ಟ್‌ಡಾಕ್ ಅಂತ ಹುಡುಕಿದರೆ ಅರ್ಧ ಕೆಲಸಗಳು ಕಾಣುವುದಿಲ್ಲ, ಯಾಕಂದ್ರೆ ಅಲ್ಲಿಯವರು ರಿಸರ್ಚ್ ಅಸೋಸಿಯೇಟ್, ರಿಸರ್ಚ್ ಫೆಲೋ ಅಂತ ಕರೆಯುತ್ತಾರೆ. ಮತ್ತೆ ಅಲ್ಲಿ ಅಗತ್ಯ ಅರ್ಹತೆ, ಇದ್ದರೆ ಒಳ್ಳೆಯದು ಅನ್ನುವ ಅರ್ಹತೆ ಅಂತ ಎರಡು ಪಟ್ಟಿ ಕೊಟ್ಟಿರುತ್ತಾರೆ. ಆಯ್ಕೆ ಸಮಿತಿ ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು ಅಂಕ ಹಾಕುತ್ತದೆ. ಅದಕ್ಕೇ ನಿಮ್ಮ ಪತ್ರದಲ್ಲಿ ಪಟ್ಟಿಯ ಒಂದೊಂದು ಅಂಶಕ್ಕೂ, ಅದೇ ಕ್ರಮದಲ್ಲಿ, ನೀವು ಮಾಡಿದ ಕೆಲಸದ ಉದಾಹರಣೆ ಕೊಡಿ. ಅರ್ಹತೆ ಇದ್ದರೂ ಪತ್ರದಲ್ಲಿ ಬರೆಯಲಿಲ್ಲ ಅಂದರೆ ಇಲ್ಲ ಅಂತಲೇ ಲೆಕ್ಕ.

ನೆದರ್‌ಲ್ಯಾಂಡ್ಸ್‌ಗೆ ಅಕಾಡೆಮಿಕ್ ಟ್ರಾನ್ಸ್‌ಫರ್ ಇದೆ, ಅಚ್ಚುಕಟ್ಟಾದ ಸೈಟ್, ಸಂಬಳದ ವ್ಯಾಪ್ತಿಯೂ ಇರುತ್ತದೆ. ಜರ್ಮನಿಯ ಜಾಹೀರಾತುಗಳಲ್ಲಿ ಸಂಬಳದ ಬದಲು ಟಿವಿ-ಎಲ್ ಇ13 ಅಂತ ಬರೆದಿರುತ್ತಾರೆ. ಅದು ಅಲ್ಲಿನ ಸರ್ಕಾರಿ ವೇತನ ಶ್ರೇಣಿ, ನಮ್ಮ ಯುಜಿಸಿ ಪೇ ಸ್ಕೇಲ್ ಇದ್ದ ಹಾಗೆ. ಟೇಬಲ್ ಎಲ್ಲರಿಗೂ ನೋಡಲು ಸಿಗುತ್ತದೆ, ಎಷ್ಟು ವರ್ಷದ ಅನುಭವಕ್ಕೆ ಎಷ್ಟು ಅಂತ ಲೆಕ್ಕ ಹಾಕಬಹುದು. ಮುಂದೆ 100% ಅಂತ ಇದೆಯಾ, 50% ಅಂತ ಇದೆಯಾ ನೋಡಿಕೊಳ್ಳಿ. ಪೋಸ್ಟ್‌ಡಾಕ್‌ಗೆ ಸಾಮಾನ್ಯವಾಗಿ ಪೂರ್ತಿ 100% ಕೊಡುತ್ತಾರೆ, ಅರ್ಧ ಅಂತ ಇದ್ದರೆ ಹೆಚ್ಚಾಗಿ ಅದು ಪಿಎಚ್‌ಡಿ ಕೆಲಸ. ಜರ್ಮನಿಗೆ ಹೋಗುವವರು ಹಂಬೋಲ್ಟ್ ಫೆಲೋಶಿಪ್ ಕೂಡ ನೋಡಿ. ಎಲ್ಲ ವಿಷಯದವರಿಗೂ ಇದೆ, ಇತಿಹಾಸ, ಭಾಷಾಶಾಸ್ತ್ರದವರಿಗೂ. ಅರ್ಜಿ ಯಾವಾಗ ತೆಗೆದುಕೊಳ್ಳುತ್ತಾರೆ ಅನ್ನೋದನ್ನು ಅವರ ಸೈಟಿನಲ್ಲೇ ನೋಡಿಕೊಳ್ಳಿ.

ಅಮೆರಿಕದ್ದು ಬೇರೆಯೇ ಲೆಕ್ಕ. ಗಣಿತದವರಿಗೆ ಮ್ಯಾಥ್‌ಜಾಬ್ಸ್ ಇದೆ, ಅದು ಬಿಟ್ಟರೆ ಹೆಚ್ಚಿನ ವಿಜ್ಞಾನಗಳಲ್ಲಿ ಎಲ್ಲವೂ ಒಂದೇ ಕಡೆ ಸಿಗುವ ಸೈಟ್ ಇಲ್ಲ, ಪ್ರೊಫೆಸರ್‌ಗೆ ನೇರವಾಗಿ ಬರೆಯುವುದೇ ದಾರಿ. ಈಗ ವೀಸಾ ನಿಯಮಗಳು ಬದಲಾಗುತ್ತಿರುವ ರೀತಿ ನೋಡಿದರೆ ಅಲ್ಲಿಗೆ ಮಾತ್ರ ನೆಚ್ಚಿಕೊಂಡು ಕೂರಬೇಡಿ ಅಂತಲೇ ನನ್ನ ಸಲಹೆ.

ಈಗ ಆ ಒಂದೂವರೆ ಅಂಕದ ಕಥೆಗೆ ಬರುತ್ತೇನೆ. ಜಾಹೀರಾತು ಅನ್ನೋದು ಕೊನೆಯ ಹಂತ. ಅದಕ್ಕೂ ಎಷ್ಟೋ ತಿಂಗಳು ಮುಂಚೆ ಆ ಪ್ರೊಫೆಸರ್‌ಗೆ ಹಣ ಮಂಜೂರಾಗಿರುತ್ತದೆ, ಯಾರನ್ನು ತೆಗೆದುಕೊಳ್ಳಬೇಕು ಅಂತ ಆಗಲೇ ಯೋಚಿಸುತ್ತಿರುತ್ತಾರೆ. ಒಳಗಿನ ಪರಿಚಯ ಇದ್ದವರಿಗೆ ಆ ಸುದ್ದಿ ಮೊದಲೇ ತಲುಪುತ್ತದೆ. ನಮಗೆ ಯಾರೂ ಹೇಳುವುದಿಲ್ಲ. ಆದರೆ ಯಾರಿಗೆ ಎಷ್ಟು ಹಣ ಬಂತು ಅನ್ನೋದು ಗುಟ್ಟಲ್ಲ. ಯುರೋಪಿಯನ್ ಒಕ್ಕೂಟದ ಸಂಶೋಧನಾ ಕಾರ್ಯಕ್ರಮಗಳಿಂದ ಹಣ ಪಡೆದ ಪ್ರಾಜೆಕ್ಟ್‌ಗಳ ವಿವರ ಕಾರ್ಡಿಸ್ ಅನ್ನುವ ಡೇಟಾಬೇಸ್‌ನಲ್ಲಿ ಇರುತ್ತದೆ. ವಿಷಯ ಹಾಕಿ ಹುಡುಕಿದರೆ ಪ್ರಾಜೆಕ್ಟ್ ಹೆಸರು, ಯಾವ ಸಂಸ್ಥೆ, ಎಷ್ಟು ಯೂರೋ, ಯಾವತ್ತು ಶುರು, ಯಾವತ್ತು ಮುಗಿಯುತ್ತದೆ, ಎಲ್ಲವೂ ಬರುತ್ತದೆ. ಶುರುವಾಗುವ ದಿನಾಂಕ ಇತ್ತೀಚಿನದಾಗಿದ್ದರೆ, ಅಥವಾ ಇನ್ನೂ ಮುಂದಿದ್ದರೆ, ಅಲ್ಲಿ ಜನ ಬೇಕಾಗುತ್ತದೆ. ಇಂಥದ್ದೇ ಡೇಟಾಬೇಸ್‌ಗಳು ಬೇರೆ ಕಡೆಯೂ ಇವೆ: ಜರ್ಮನಿಯಲ್ಲಿ ಸಂಶೋಧನೆಗೆ ಹಣ ಕೊಡುವ ಡಿಎಫ್‌ಜಿ ಸಂಸ್ಥೆಯದ್ದು ಗೆಪ್ರಿಸ್, ಬ್ರಿಟನ್ನಿಗೆ ಗೇಟ್‌ವೇ ಟು ರಿಸರ್ಚ್, ಅಮೆರಿಕದ ವೈದ್ಯಕೀಯ ಸಂಶೋಧನೆಗೆ ಎನ್‌ಐಎಚ್ ರಿಪೋರ್ಟರ್. ಎಲ್ಲವೂ ಉಚಿತ.

ಇಆರ್‌ಸಿ ಸ್ಟಾರ್ಟಿಂಗ್ ಗ್ರಾಂಟ್ ಅಂತ ಇದೆ. ಹೊಸದಾಗಿ ಲ್ಯಾಬ್ ಕಟ್ಟುವ ಯುವ ಪ್ರೊಫೆಸರ್‌ಗಳಿಗೆ ಐದು ವರ್ಷಕ್ಕೆ 15 ಲಕ್ಷ ಯೂರೋವರೆಗೆ ಕೊಡುತ್ತಾರೆ. ಫಲಿತಾಂಶ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ, ಹೆಸರು ಮತ್ತು ಸಂಸ್ಥೆ ಸಮೇತ ಪಟ್ಟಿ ಹಾಕುತ್ತಾರೆ. ಆ ಪಟ್ಟಿ ಬಂದ ವಾರವೇ ಕೂತು ನಿಮ್ಮ ವಿಷಯದವರನ್ನು ಹುಡುಕಿ ಬರೆಯಿರಿ. ದೊಡ್ಡ ಹೆಸರಿನ ಪ್ರೊಫೆಸರ್‌ಗೆ ದಿನಕ್ಕೆ ಎಷ್ಟು ಮೇಲ್ ಬರುತ್ತವೋ, ಹೊಸಬರಿಗೆ ಅಷ್ಟು ಬರುವುದಿಲ್ಲ. ಓದುತ್ತಾರೆ, ಉತ್ತರವನ್ನೂ ಕೊಡುತ್ತಾರೆ. ಪರಿಚಯ ಇಲ್ಲದವರಿಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ಮೇಲ್ ಹೇಗಿರಬೇಕು ಅನ್ನೋದನ್ನೂ ಹೇಳಿಬಿಡುತ್ತೇನೆ. ರೆಸ್ಪೆಕ್ಟೆಡ್ ಸರ್ ಅಂತ ಶುರು ಮಾಡುವುದು ನಮ್ಮಲ್ಲಿ ಮರ್ಯಾದೆ, ಆದರೆ ಆ ಕಡೆ ಇರುವವರು ಮಹಿಳೆ ಆಗಿರಬಹುದು, ಆಗ ಮೊದಲ ಸಾಲಿನಲ್ಲೇ ಮೇಲ್ ಮುಚ್ಚಿಬಿಡುತ್ತಾರೆ. ಪ್ರೊಫೆಸರ್ ಅಂತ ಬರೆದು ಮನೆತನದ ಹೆಸರು ಹಾಕಿ, ಸಾಕು. ಆಮೇಲೆ ನಿಮ್ಮ ಊರು, ಜನ್ಮದಿನಾಂಕ, ಎಸ್ಸೆಸ್ಸೆಲ್ಸಿ ಅಂಕ ಏನೂ ಬೇಡ. ನನ್ನ ವಿಷಯದ್ದೇ ಉದಾಹರಣೆ ಕೊಡುತ್ತೇನೆ. ಸೋಡಿಯಂ ಅಯಾನ್ ಬ್ಯಾಟರಿಯಲ್ಲಿ ಹಾರ್ಡ್ ಕಾರ್ಬನ್ ಆನೋಡ್ ಬಳಸಿದರೆ ಮೊದಲ ಸಲ ಚಾರ್ಜ್ ಆಗಿ ಖಾಲಿಯಾಗುವಷ್ಟರಲ್ಲೇ ಸ್ವಲ್ಪ ಸೋಡಿಯಂ ವಾಪಸ್ ಬಾರದೆ ನಷ್ಟವಾಗುತ್ತದೆ, ಇದು ಆ ಕ್ಷೇತ್ರದವರೆಲ್ಲರ ತಲೆನೋವು. ಮೇಲ್‌ನ ಮೊದಲ ವಾಕ್ಯದಲ್ಲೇ, ನಿಮ್ಮ ಇಂಥ ಪೇಪರಿನಲ್ಲಿ ಈ ನಷ್ಟಕ್ಕೆ ಮೇಲ್ಮೈಯ ರಂಧ್ರಗಳು ಕಾರಣ ಅಂದಿದ್ದೀರಿ, ನನ್ನ ಥೀಸಿಸ್‌ನಲ್ಲಿ ತೆಂಗಿನ ಚಿಪ್ಪಿನಿಂದ ಮಾಡಿದ ಕಾರ್ಬನ್ನಿನಲ್ಲಿ ಅದನ್ನೇ ಅಳೆದಿದ್ದೇನೆ, ಒಂದು ಅಂಶದಲ್ಲಿ ನನಗೆ ಬೇರೆ ಉತ್ತರ ಬಂದಿದೆ ಅಂತ ಬರೆದರೆ ಅವರು ಮುಂದಕ್ಕೆ ಓದದೆ ಇರುವುದಿಲ್ಲ. ಎರಡನೇ ಪ್ಯಾರಾದಲ್ಲಿ ಯಾವ ಉಪಕರಣ ನೀವೇ ಸ್ವತಃ ಬಳಸಿದ್ದೀರಿ ಅನ್ನೋದು. ಸ್ಯಾಂಪಲ್ ಕಳಿಸಿ ರಿಪೋರ್ಟ್ ತರಿಸಿಕೊಂಡದ್ದು ಬೇರೆ, ಕೂತು ಮಾಡಿದ್ದು ಬೇರೆ, ಇಂಟರ್‌ವ್ಯೂನಲ್ಲಿ ಇದನ್ನು ಖಂಡಿತ ಕೇಳುತ್ತಾರೆ. ಮೂರನೆಯದು ಕೇಳಬೇಕಾದ ಪ್ರಶ್ನೆ: ಕಾರ್ಡಿಸ್‌ನಲ್ಲಿ ನಿಮ್ಮ ಪ್ರಾಜೆಕ್ಟ್ ನೋಡಿದೆ, ಅದರಲ್ಲಿ ಜಾಗ ಇದೆಯಾ, ಇಲ್ಲದಿದ್ದರೆ ಈ ವರ್ಷ ಎಂಎಸ್‌ಸಿಎಗೆ ಒಟ್ಟಿಗೆ ಬರೆಯೋಣವಾ? ಇಷ್ಟೇ. ಸಿವಿ ಜೊತೆಗಿರಲಿ. ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ, ಅದಕ್ಕಿಂತ ಹೆಚ್ಚು ಬೇಡ. ಒಂದೇ ಮೇಲನ್ನು ಹೆಸರು ಬದಲಾಯಿಸಿ ನೂರು ಜನಕ್ಕೆ ಕಳಿಸುವವರು ನಮ್ಮಲ್ಲಿ ತುಂಬಾ. ಅದರಿಂದ ಅವರಿಗೂ ಉಪಯೋಗ ಇಲ್ಲ, ನಿಜವಾಗಿ ಓದಿ ಬರೆದವರ ಮೇಲೂ ಅನುಮಾನ ಬರುತ್ತದೆ.

ದುಡ್ಡು ಕೇಳುವವರ ಬಗ್ಗೆ ಒಂದು ಮಾತು. ಪೋಸ್ಟ್‌ಡಾಕ್ ಕೊಡಿಸುತ್ತೇವೆ, ಪ್ರೊಸೆಸಿಂಗ್ ಫೀಸ್ ಕಟ್ಟಿ ಅನ್ನುವ ಕನ್ಸಲ್ಟೆನ್ಸಿಗಳು ಶುರುವಾಗಿವೆ. ನನ್ನ ಗೆಳತಿಯೊಬ್ಬಳು ಇಂಥ ಒಬ್ಬರಿಗೆ ದುಡ್ಡು ಕಟ್ಟಿದಳು. ಅವರು ಕೊಟ್ಟ ಪಟ್ಟಿಯಲ್ಲಿ ಇದ್ದದ್ದೆಲ್ಲ ಯುರಾಕ್ಸೆಸ್‌ನಲ್ಲಿ ಪುಕ್ಕಟೆ ಸಿಗುವ ಜಾಹೀರಾತುಗಳು. ಪೋಸ್ಟ್‌ಡಾಕ್ ಅಂದರೆ ಅವರು ನಿಮಗೆ ಸಂಬಳ ಕೊಡುವ ಕೆಲಸ. ಯಾವ ಹಂತದಲ್ಲೂ ನೀವು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ, ವೀಸಾ, ದಾಖಲೆಗಳ ಸರ್ಕಾರಿ ಶುಲ್ಕ ಬಿಟ್ಟು. ವೀಸಾ, ಮನೆ, ಆರೋಗ್ಯ ವಿಮೆ, ತೆರಿಗೆ ಬಗ್ಗೆ ಗೊಂದಲ ಇದ್ದರೆ ಯುರಾಕ್ಸೆಸ್‌ನ ಸೇವಾ ಕೇಂದ್ರಗಳು ಯುರೋಪಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲೇ ಇವೆ, ಉಚಿತವಾಗಿ ಸಹಾಯ ಮಾಡುತ್ತಾರೆ. ಬಾಡಿಗೆ ಮನೆ ಹುಡುಕೋದಕ್ಕೆ ನಾನು ಬರೆದಾಗ ತಾಳ್ಮೆಯಿಂದ ಉತ್ತರ ಕೊಟ್ಟಿದ್ದರು, ಅದನ್ನು ಇಲ್ಲಿ ನೆನೆಯಲೇಬೇಕು.

ಊರು ಬಿಟ್ಟು ಹೋಗೋಕೆ ಆಗದವರಿಗೆ ಇಲ್ಲೂ ದಾರಿ ಇದೆ. ಪ್ರಾಜೆಕ್ಟ್‌ಗಳಲ್ಲಿ ರಿಸರ್ಚ್ ಅಸೋಸಿಯೇಟ್ ಆಗಿ ಸೇರುವವರಿಗೆ 2023ರ ಪರಿಷ್ಕರಣೆಯ ಪ್ರಕಾರ ತಿಂಗಳಿಗೆ 58,000 ರೂಪಾಯಿಯಿಂದ 67,000ದವರೆಗೆ, ಜೊತೆಗೆ ಎಚ್‌ಆರ್‌ಎ. ಮೊದಲು ಸಂಶೋಧನೆಗೆ ಹಣ ಕೊಡುವ ಕೇಂದ್ರ ಸರ್ಕಾರದ ಮಂಡಳಿ ಎಸ್‌ಇಆರ್‌ಬಿ ಕೊಡುತ್ತಿದ್ದ ನ್ಯಾಷನಲ್ ಪೋಸ್ಟ್‌ಡಾಕ್ ಫೆಲೋಶಿಪ್, ಈಗ ಅದರ ಜಾಗಕ್ಕೆ ಬಂದಿರುವ ಎಎನ್‌ಆರ್‌ಎಫ್ ಅಡಿಗೆ ಬಂದಿದೆ. ಜೀವವಿಜ್ಞಾನದವರು ಇಂಡಿಯಾ ಬಯೋಸೈನ್ಸ್ ಸೈಟ್ ನೋಡುತ್ತಿರಿ, ಬೆಂಗಳೂರಿನಿಂದಲೇ ನಡೆಯುತ್ತದೆ, ಜಾಹೀರಾತುಗಳು ಸ್ವಚ್ಛವಾಗಿರುತ್ತವೆ. ಉಳಿದ ವಿಷಯದವರಿಗೆ ಅಂಥ ಒಂದು ಜಾಗ ನಮ್ಮ ದೇಶದಲ್ಲಿ ಇಲ್ಲದಿರೋದು ನಿಜಕ್ಕೂ ಕೊರತೆ. ಒಂದೊಂದು ಸಂಸ್ಥೆಯ ಸೈಟಿಗೂ ಹೋಗಿ, ಪಿಡಿಎಫ್ ತೆರೆದು, ಕೊನೆಯ ದಿನಾಂಕ ಮುಗಿದಿದೆ ಅಂತ ಗೊತ್ತಾಗುವುದು ಎಷ್ಟು ಬೇಜಾರು ಅನ್ನೋದು ಹುಡುಕಿದವರಿಗೆ ಗೊತ್ತು, ಅಲ್ವಾ. ಯುರಾಕ್ಸೆಸ್ ಥರದ್ದು ಭಾರತಕ್ಕೂ ಬರಲಿ ಅಂತ ನನಗೆ ಮನಸಾರೆ ಆಸೆ.

ಕೊನೆಯದಾಗಿ ದಾಖಲೆಗಳು, ನಮ್ಮವರು ಮುಗ್ಗರಿಸುವುದು ಇಲ್ಲೇ. ಥೀಸಿಸ್ ಸಲ್ಲಿಸಿ ವೈವಾ ಆಗುವವರೆಗೆ ಎಷ್ಟೋ ಕಡೆ ತಿಂಗಳುಗಟ್ಟಲೆ ಕಾಯಬೇಕು. ವೈವಾ ಆದ ಮೇಲೆ ವಿಶ್ವವಿದ್ಯಾಲಯ ಅಧಿಸೂಚನೆ ಹೊರಡಿಸಬೇಕು, ಆಮೇಲೆ ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ), ಘಟಿಕೋತ್ಸವ ಇನ್ನೂ ಆಚೆ. ಎಂಎಸ್‌ಸಿಎ ಅರ್ಜಿಗೆ ಕೊನೆಯ ದಿನಾಂಕದ ಹೊತ್ತಿಗೆ ಪಿಎಚ್‌ಡಿ ಮುಗಿದಿರಬೇಕು. ಆ ಕರೆ ಸಾಮಾನ್ಯವಾಗಿ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ತೆರೆದು ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತದೆ. ನಿಯಮಗಳಲ್ಲಿ ವರ್ಷ ವರ್ಷ ಸಣ್ಣಪುಟ್ಟ ಬದಲಾವಣೆ ಇರುತ್ತದೆ, ಆ ವರ್ಷದ ಮಾರ್ಗದರ್ಶಿಯನ್ನೇ ಓದಿ. ಹಿಂದಿನಿಂದ ಲೆಕ್ಕ ಹಾಕಿದರೆ ವೈವಾ ಜೂನ್ ಒಳಗೆ ಮುಗಿದರೆ ನೆಮ್ಮದಿ, ಪ್ರೊಫೆಸರ್‌ಗೆ ಮೊದಲ ಮೇಲ್ ಫೆಬ್ರವರಿಯಲ್ಲೇ ಹೋಗಿರಬೇಕು. ಅಧಿಸೂಚನೆ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಪ್ರತಿಯನ್ನೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವತ್ತೇ ಕೇಳಿ, ಸೀಲು ಸಹಿ ಸಮೇತ. ಕೆಲಸ ಸಿಕ್ಕ ಮೇಲೆ ಅಪೋಸ್ಟಿಲ್ (ದಾಖಲೆ ಅಸಲಿ ಅಂತ ಹೊರದೇಶಕ್ಕೆ ಹಾಕಿಕೊಡುವ ಮುದ್ರೆ) ಬೇಕು ಅಂತ ಕೇಳುವ ದೇಶಗಳಿವೆ, ಅದು ವಿದೇಶಾಂಗ ಸಚಿವಾಲಯದ ಕೆಲಸ, ಅದಕ್ಕೂ ಸಮಯ ಹಿಡಿಯುತ್ತದೆ. ಯುರೋಪಿಯನ್ ಒಕ್ಕೂಟದ ಹೆಚ್ಚಿನ ದೇಶಗಳಲ್ಲಿ ಸಂಶೋಧಕರ ವೀಸಾಕ್ಕೆ ಆ ಸಂಸ್ಥೆ ಹೋಸ್ಟಿಂಗ್ ಅಗ್ರಿಮೆಂಟ್ ಅನ್ನುವ ಪತ್ರ ಕೊಡುತ್ತದೆ, ಆಫರ್ ಲೆಟರ್ ಬಂದ ದಿನವೇ ಅದನ್ನು ಕೇಳಿ ಇಟ್ಟುಕೊಳ್ಳಿ. ಈ ದಾರಿಯಲ್ಲಿ ಹೋದವರಿಗೆ ಕೆಲಸ ಮುಗಿದ ಮೇಲೂ ಕನಿಷ್ಠ ಒಂಬತ್ತು ತಿಂಗಳು ಅಲ್ಲೇ ಇದ್ದು ಮುಂದಿನ ಕೆಲಸ ಹುಡುಕುವ ಹಕ್ಕು ಇದೆ. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಈ ನಿಯಮದ ಹೊರಗಿವೆ, ಅಲ್ಲಿಗೆ ಹೋಗುವವರು ಆ ದೇಶದ್ದನ್ನೇ ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.